ಕಿಟಕಿ ಪಕ್ಕದ ಮಂಚ

ಮಂಡಕ್ಕಿ ಚೀಲಕ್ಕೆ ತೂಕವಿಲ್ಲ, ಜಾಗ ಮಾತ್ರ ಒಬ್ಬ ಮನುಷ್ಯನಷ್ಟು ಬೇಕು, ಆ ಹೆಂಗಸು ಅದನ್ನು ನನ್ನ ಪಕ್ಕದ ಸೀಟಿನಲ್ಲಿ ಕೂರಿಸಿ ತಾನು ಕಂಬಿ ಹಿಡಿದು ನಿಂತಿದ್ದಾಳೆ, ಚೀಲ ಕೆಳಗಿಟ್ಟು ಕೂಡಮ್ಮಾ ಅಂದರೆ ಬ್ಯಾಡ್ರಿ ಅಜ್ಜಾ, ಕೆಳಗಿಟ್ರೆ ಮಂದಿ ತುಳೀತಾರೆ ಅನ್ನುತ್ತಾಳೆ, ಬಸ್ಸು ಓಲಾಡಿದಾಗೆಲ್ಲ ಚೀಲ ನನ್ನ ಎಡಭುಜಕ್ಕೆ ಒರಗುತ್ತದೆ, ಸರಸರ ಸದ್ದು ಮಾಡಿ ಮತ್ತೆ ನೆಟ್ಟಗಾಗುತ್ತದೆ — ಈ ಭುಜಕ್ಕೆ ಯಾರಾದರೂ ಒರಗಿ ಮೂರು ವರ್ಷವಾಯಿತು. ಬಿಲ್ಕೀಸ್ ಹೋದ ಮೇಲೂ ನಾನು ಮಂಚದ ಬಲಭಾಗದಲ್ಲೇ ಮಲಗುತ್ತೇನೆ, ಎಡಭಾಗದ ಚಾದರ ವಾರವಾದರೂ ಸುಕ್ಕಾಗುವುದಿಲ್ಲ, ಮಗಳು ತಸ್ಲೀಮ್ ಬಂದಾಗ ಅದನ್ನು ನೋಡುತ್ತಾಳೆ, ಎರಡೂ ಕಡೆಯದನ್ನು ಕಿತ್ತು ಒಗೆಯಲು ಹಾಕುತ್ತಾಳೆ. ಇದೇ, ಇದೇ ಖಾಲಿ ಅರ್ಧ ಮಂಚದಿಂದಲೇ ಎಲ್ಲ ಶುರುವಾದದ್ದು, ಅಕ್ಕನಾಗಮ್ಮನವರಿಗೆ ನಾನು ಮಾಡಿದ ಉಪಕಾರ, ಅಥವಾ ಅದಕ್ಕೆ ಏನು ಹೆಸರೋ ಅದು. ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಕಾಗದ ಇದೆ. ಒಂದೇ ಸಾಲು. ಮೂವತ್ತನಾಲ್ಕು ವರ್ಷ ಅರ್ಜಿ ಬರೆದು ಬದುಕಿದವನು ನಾನು, ಇಷ್ಟು ಚಿಕ್ಕದನ್ನು ಬರೆದವನಲ್ಲ, ಇಷ್ಟು ಕಷ್ಟಪಟ್ಟೂ ಬರೆದವನಲ್ಲ.

ದಾವಣಗೆರೆಯ ತಾಲ್ಲೂಕು ಕಚೇರಿ ಮುಂದೆ, ಬೇವಿನ ಮರದ ಕೆಳಗೆ, ಮಡಚುವ ಮೇಜು, ಟೈಪ್‌ರೈಟರು, ಅದರ ‘ಕ’ ಅಕ್ಷರ ಯಾವಾಗಲೂ ಅರ್ಧ ಮೇಲೆ ಹಾರುತ್ತಿತ್ತು, ಜನ ಬಂದು ಎದುರು ಕುಕ್ಕರುಗಾಲಲ್ಲಿ ಕೂತು ತಮ್ಮ ಸಂಕಟ ಹೇಳುವರು, ನಾಲ್ಕು ಮಾತು ಕೇಳುವಷ್ಟರಲ್ಲಿ ನನಗೆ ಪೂರ್ತಿ ತಿಳಿಯುತ್ತಿತ್ತು, ಆತು ಬಿಡು, ನಾನು ಬರೀತೀನಿ, ನೀನು ಸುಮ್ಮನಿರು ಅನ್ನುತ್ತಿದ್ದೆ, ಅವರು ಹೇಳಿದ್ದು ಒಂದು ಹಿಡಿ, ನಾನು ಬರೆದದ್ದು ಒಂದು ಮೊರ. ಓದಿ ಹೇಳಿದರೆ ಕಣ್ಣರಳಿಸಿ ಕೇಳುವರು, ಇದನ್ನೆಲ್ಲ ನಾನು ಹೇಳಿದ್ನಾ ಸಾಹೇಬ್ರ ಅನ್ನುವರು, ಆ ಪ್ರಶ್ನೆ ನನಗೆ ಬಿರುದಿನ ಹಾಗೆ ಕೇಳಿಸುತ್ತಿತ್ತು. ನೀನು ಹೇಳಲಿಲ್ಲ, ಆದರೆ ನಿನ್ನ ಮನಸ್ಸಿನಲ್ಲಿ ಇದ್ದದ್ದು ಇದೇ ಅನ್ನುತ್ತಿದ್ದೆ. ಎಷ್ಟು ಧೈರ್ಯ. ಕಂಪ್ಯೂಟರ್ ಬಂತು, ಮೇಜು ಮಡಚಿದೆ, ಬಿಲ್ಕೀಸ್ ಹೋದಳು, ಮನೆಯಲ್ಲಿ ಮಾತಿಲ್ಲ, ನಿಜಲಿಂಗಪ್ಪ ಬಡಾವಣೆಯ ಆ ಎರಡು ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ, ತಸ್ಲೀಮ್ ಹೇಳಿದಳು, ಅಬ್ಬಾ, ಗೋಡೆ ನೋಡ್ತಾ ಕೂಡಬ್ಯಾಡ್ರಿ, ಹರಿಹರದಾಗೆ ವಯಸ್ಸಾದೋರ ಆರೈಕೆ ಮನೆ ಐತೆ, ನಾನು ವಾರಕ್ಕೆರಡು ದಿನ ಅಲ್ಲಿಗೆ ನರ್ಸ್ ಡ್ಯೂಟಿಗೆ ಹೋಗ್ತೀನಲ್ಲ, ಅಲ್ಲಿರೋ ಮಂದಿ ಪರವಾಗಿ ಮಾತಾಡೋಕೆ ಹೊರಗಿನೋರು ಒಬ್ಬರು ಬೇಕಂತೆ, ಸಂಬಳ ಇಲ್ಲ, ಅವರ ಕಷ್ಟ ಕೇಳೋದು, ಟ್ರಸ್ಟಿನೋರಿಗೆ ಹೇಳೋದು, ಆಗೋವರೆಗೂ ಬೆನ್ನು ಹತ್ತೋದು, ನಿಮ್ಮಷ್ಟು ಅರ್ಜಿ ಬರೆದೋರು ಯಾರದಾರೆ. ಹೀಗೆ ಬಂದವನು ನಾನು, ಎರಡು ವರ್ಷದಿಂದ ಪ್ರತಿ ಮಂಗಳವಾರ.

ಬಾತಿ ಗುಡ್ಡ ಬಂತು, ಬಿಸಿಲಿಗೆ ಬೋಳಾಗಿ ನಿಂತಿದೆ, ಹೆಂಗಸು ಚೀಲವನ್ನು ಎಬ್ಬಿಸಿಕೊಂಡು ಇಳಿದಳು, ಸೀಟು ಖಾಲಿ. ಆರೈಕೆ ಮನೆಯವರು ನನಗೆ ಅರ್ಜಿ ಸಾಹೇಬ್ರು ಅನ್ನುತ್ತಾರೆ, ಮೂವತ್ತೆರಡು ಜನ, ಹೆಂಗಸರ ಕಡೆ ಒಂದು ಉದ್ದ ಕೋಣೆ, ಗಂಡಸರ ಕಡೆ ಒಂದು, ನಡುವೆ ಊಟದ ಹಾಲ್, ಹಿಂದೆ ಹೊಳೆ. ನಾನು ಮಾಡಿಸಿದ್ದು ಸಣ್ಣ ಸಣ್ಣದು, ಹೆಂಗಸರ ಬಚ್ಚಲಿಗೆ ಒಳಗಿನ ಚಿಲಕವೇ ಇರಲಿಲ್ಲ, ಬಿದ್ದರೆ ತೆಗೆಯೋದು ಹೆಂಗೆ ಅಂತ ಕಿತ್ತುಬಿಟ್ಟಿದ್ದರು, ಎಂಬತ್ತರ ಮುದುಕಿಯರು ಸ್ನಾನ ಮಾಡುವಾಗ ಒಬ್ಬರು ಹೊರಗೆ ಕಾವಲು ನಿಲ್ಲಬೇಕು, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಹಾಕಿಸಿದೆ, ಅವತ್ತು ಸುಗ್ರಾಬಿ ನನ್ನ ಎರಡೂ ಕೈ ಹಿಡಿದು ಭಾಯ್, ನೀವು ಮಾನ ವಾಪಸ್ ತಂದುಕೊಟ್ರಿ ಅಂದಳು, ನಲವತ್ತು ವರ್ಷ ಬೀಡಿ ಕಟ್ಟಿದ ಕೈ, ಬೆರಳ ತುದಿ ನುಣ್ಣಗೆ ಸವೆದಿವೆ. ಸಂಜೆ ಚಹಾ ಬಿಸಿ ಬರುವಂತೆ ಮಾಡಿದೆ. ಕಿವಿ ಕೇಳದವರ ಹತ್ತಿರ ಎದುರು ನಿಂತು ಮಾತಾಡಿ ಅಂತ ಕೆಲಸದವರಿಗೆ ಹೇಳಿಸಿದೆ. ಇಷ್ಟೇ. ಆಮೇಲೆ ನಾಗರಾಜಪ್ಪನವರು ಸಿಕ್ಕಿದರು, ದಾವಣಗೆರೆಯಲ್ಲಿ ಕಡಲೆಕಾಯಿ ಎಣ್ಣೆಯ ಗಾಣ ನಡೆಸಿದವರು, ಎಂಬತ್ತೆರಡು, ಕೈ ನಡುಗುತ್ತದೆ, ವಾಕರ್ ಹಿಡಿದು ನಡೆಯುತ್ತಾರೆ, ಮಕ್ಕಳಿಲ್ಲ, ಯಾರಿಗೂ ಭಾರವಾಗಬಾರದು ಅಂತ ಗಂಡ ಹೆಂಡತಿ ತಾವಾಗಿಯೇ ಇಲ್ಲಿಗೆ ಬಂದು ಸೇರಿದವರು. ಬೇಲಿ ಪಕ್ಕದ ಬೆಂಚಿನ ಮೇಲೆ ಕೂತು ಹೊಳೆ ನೋಡುತ್ತಾ ಹೇಳಿದರು, ಐವತ್ತಾರು ವರ್ಷ ಒಂದೇ ಮನ್ಯಾಗೆ ಮಲಗಿದ್ವಿ ಸಾಹೇಬ್ರ, ಈಗ ನಡುವೆ ಇವರು ಗೋಡೆ ಹಾಕ್ಯಾರೆ, ರಾತ್ರಿ ಕೆಮ್ಮು ಬಂದ್ರೆ ಅವಳ ಕಡೆ ತಿರುಗ್ತೀನಿ, ಅಲ್ಲಿ ಬೇರೆ ಯಾರೋ ಮುದುಕ ಮಲಗಿರ್ತಾನೆ. ಅಷ್ಟೇ ಅಂದದ್ದು. ನನ್ನ ಮಂಚದ ಎಡಭಾಗದ ಚಾದರ ಕಣ್ಣೆದುರು ಬಂತು, ನನಗಂತೂ ಮಣ್ಣು ಅಡ್ಡ, ಇವರಿಗೆ ಬರೀ ಇಟ್ಟಿಗೆ ಅಡ್ಡ, ಇಟ್ಟಿಗೆಯನ್ನು ಸರಿಸಬಹುದಲ್ಲ. ಅವತ್ತೇ ಮನೆಗೆ ಹೋಗಿ ನಾಲ್ಕು ಪುಟ ಬರೆದೆ, ಐವತ್ತಾರು ವರ್ಷದ ದಾಂಪತ್ಯವನ್ನು ಕಟ್ಟಡದ ಅನುಕೂಲಕ್ಕಾಗಿ ಬೇರ್ಪಡಿಸುವುದು ಮಾನವೀಯತೆಗೆ ಒಪ್ಪುವಂಥದಲ್ಲ, ನಾವಿಬ್ಬರೂ ಈ ಮೂಲಕ ಕೈಮುಗಿದು ಕೇಳಿಕೊಳ್ಳುವುದೇನೆಂದರೆ — ನಾವಿಬ್ಬರೂ. ಎಷ್ಟು ಸಲೀಸಾಗಿ ಬಂತು ಆ ಪದ. ಮುಂದಿನ ಮಂಗಳವಾರ ಅವರ ಹೆಂಡತಿ ಅಕ್ಕನಾಗಮ್ಮನವರ ಮುಂದೆ ಕೊನೆಯ ಪುಟ ಹಿಡಿದು, ಅಮ್ಮಾ, ಇಲ್ಲಿ ಒಂದು ರುಜು ಅಂದೆ, ಬೆರಳಿಟ್ಟು ಜಾಗ ತೋರಿಸಿದೆ, ಅವರು ಹತ್ತಿ ಬಿಡಿಸುತ್ತಿದ್ದರು, ಕೈ ಒರೆಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಬರೆದರು, ಏನಿದು ಅಂತ ಕೇಳಲಿಲ್ಲ, ನಾನೂ ಓದಿ ಹೇಳಲಿಲ್ಲ. ಯಾಕೆ ಓದಿ ಹೇಳಲಿಲ್ಲ. ಬೇವಿನ ಮರದ ಕೆಳಗಾದರೂ ಓದಿ ಹೇಳುತ್ತಿದ್ದೆ.

ನಾಲ್ಕು ತಿಂಗಳು ಹಿಡಿಯಿತು. ಟ್ರಸ್ಟಿನವರು ಜಾಗವಿಲ್ಲ ಅಂದರು, ಪಡಸಾಲೆಯ ತುದಿಯ ಉಗ್ರಾಣ ತೋರಿಸಿದೆ, ನೋಡಿಕೊಳ್ಳುವ ಮ್ಯಾನೇಜರ್ ಸುನೀತಾ ಒಳ್ಳೆಯ ಹೆಣ್ಣುಮಗಳು, ಸರ್, ಇಬ್ಬರಿಗೆ ಬೇರೆ ರೂಮು ಕೊಟ್ರೆ ನಮ್ಮ ಹುಡುಗೇರು ಎಷ್ಟು ಕಡೆ ಓಡಾಡಬೇಕು ಅಂದಳು, ನಾನು ದನಿ ಎತ್ತರಿಸಿದೆ, ಅವಳ ಕಣ್ಣು ತುಂಬಿತು, ಅದನ್ನೂ ಗೆಲುವು ಅಂದುಕೊಂಡೆ. ಗೋಣಿಚೀಲ, ಮುರಿದ ಗಾಲಿಕುರ್ಚಿ ಎಲ್ಲ ಹೊರಗೆ ಹಾಕಿಸಿ ಸುಣ್ಣ ಬಳಿಸಿದರು, ಎರಡು ಮಂಚ ಕೂಡಿಸಿದರು, ನೀಲಿ ಪರದೆ. ಒಳಗೆ ಕಾಲಿಡುವ ದಿನ ಹಾರ ತಂದರು, ಪೇಡ ಹಂಚಿದರು, ಫೋಟೋದವನು ಬಂದ, ನಾಗರಾಜಪ್ಪನವರು ಬಿಳಿ ಪಂಚೆ ಉಟ್ಟು, ಹಣೆ ತುಂಬ ವಿಭೂತಿ, ಮದುಮಗನ ಹಾಗೆ ಕೂತಿದ್ದರು, ಎಲ್ಲರೂ ಚಪ್ಪಾಳೆ ಹೊಡೆದರು, ಅಕ್ಕನಾಗಮ್ಮನವರು ತಲೆ ಬಗ್ಗಿಸಿ ಸೆರಗಿನ ತುದಿ ತಿರುವುತ್ತಿದ್ದರು, ನಾಚಿಕೆ ಅಂದುಕೊಂಡೆ, ಬಾಗಿ ಕೇಳಿದೆ, ಅಮ್ಮಾ, ಖುಷಿ ಆತಾ, ಆತು ಬಿಡ್ರಿ ಅಂದರು. ಆತು ಬಿಡ್ರಿ. ಆ ಎರಡು ಮಾತನ್ನು ಎತ್ತಿಕೊಂಡು ಅವತ್ತು ಬಸ್ಸಿನಲ್ಲಿ ಮನೆಗೆ ಬಂದೆ, ಬಿಲ್ಕೀಸಳ ಫೋಟೋದ ಎದುರು ನಿಂತು ಹೇಳಿದೆ, ನೋಡು, ಒಂದು ಕೆಲಸ ಮಾಡಿದೆ, ನಮಗೆ ಆಗದ್ದು ಅವರಿಗಾಯಿತು. ಫೋಟೋ ಸುಮ್ಮನಿತ್ತು. ಅವಳು ಇದ್ದಾಗಲೂ ಸುಮ್ಮನಿರುತ್ತಿದ್ದಳು, ಒಪ್ಪಿಗೆ ಅಂತ ಲೆಕ್ಕ.

ಹರಿಹರ, ಹರಿಹರ, ಯಾರ್ರೀ ಇಳಿಯೋರು, ಕಂಡಕ್ಟರು ಕೂಗುತ್ತಿದ್ದಾನೆ, ಇಳಿದೆ, ಮೊಣಕಾಲು ಕಟಕ್ ಅಂದಿತು. ನಡೆದೇ ಹೋಗುತ್ತೇನೆ, ಹೊಳೆ ಕಡೆ ರಸ್ತೆ, ಗಾಳಿಯಲ್ಲಿ ಕೆಸರಿನ ವಾಸನೆ, ಹೊಳೆ ಬತ್ತಿ ಬಂಡೆ ಎದ್ದಿರಬೇಕು. ಹೋದ ಮಂಗಳವಾರ ಹೀಗೇ ನಡೆದುಬಂದೆ, ಗೇಟಿನ ಒಳಗೆ ನಲ್ಲಿಯ ಹತ್ತಿರ ಅಕ್ಕನಾಗಮ್ಮನವರು ನನಗಾಗಿಯೇ ನಿಂತಿದ್ದರು, ಎಪ್ಪತ್ತಾರರ ಹೆಂಗಸು, ಗಿಡ್ಡ, ಒಂದು ಮೊಣಕಾಲು ಊದಿಕೊಂಡಿದೆ, ಕಣ್ಣ ಕೆಳಗೆ ಕಪ್ಪು, ಸಾಹೇಬ್ರ, ನಿಮ್ಮ ಹತ್ರ ಒಂದು ಅರ್ಜಿ ಬರೆಸಬೇಕಿತ್ತು ಅಂದರು, ಖುಷಿಯಿಂದ ಕಟ್ಟೆ ಮೇಲೆ ಕೂತು ಪೆನ್ನು ತೆಗೆದೆ, ಹೇಳ್ರಿ ಅಮ್ಮಾ. ನನ್ನ ಮಂಚ ನನಗೆ ಬೇಕು ಅಂತ ಬರೀರಿ. ಯಾವ ಮಂಚ. ಹೆಂಗಸ್ರ ಕಡೆ, ಕಿಟಕಿ ಪಕ್ಕದ್ದು, ಸುಗ್ರಾಬಿ ಪಕ್ಕದ್ದು. ಪೆನ್ನು ಹಾಗೇ ನಿಂತಿತು. ಯಜಮಾನ್ರು ಏನಾದ್ರೂ ಅಂದ್ರಾ ಅಂದೆ. ಏನೂ ಅಂದಿಲ್ಲ, ಅವರು ಕೆಟ್ಟೋರಲ್ಲ, ಒಂದಿನ ಕೈ ಎತ್ತಿದೋರಲ್ಲ, ಆದ್ರೆ ರಾತ್ರಿಗೆ ಆರು ಸಲ ಎಬ್ಬಿಸ್ತಾರೆ, ನೀರು ಅಂತಾರೆ, ಹೊದಿಕೆ ಅಂತಾರೆ, ಏನಿಲ್ಲ ಅಂದ್ರೆ ಎದ್ದಿದೀಯಾ ಅಂತ ಕೇಳೋಕೆ ಎಬ್ಬಿಸ್ತಾರೆ, ಐವತ್ತಾರು ವರ್ಷ ಎದ್ದೀನಿ, ಅದಕ್ಕೇನೂ ಬ್ಯಾಸರಿಲ್ಲ, ಅವಾಗ ಬೇರೆ ಗೊತ್ತಿರಲಿಲ್ಲ, ಇಲ್ಲಿಗೆ ಬಂದ ಮ್ಯಾಲೆ ಮೂರು ವರ್ಷ ನನ್ನದೂ ಅಂತ ಒಂದು ಮಂಚ ಇತ್ತು, ತವರಿನಾಗೆ ತಂಗೇರ ಜತೆ ಚಾಪಿ, ಅತ್ತಿ ಮನ್ಯಾಗೆ ಇವರ ಮಂಚ, ನನ್ನದು ಅಂತ ಇದ್ದಿದ್ದು ಅದೊಂದೇ, ಬೆಳಗ್ಗೆ ಕಿಟಕಿ ತೆಗೆದ್ರೆ ಹೊಳಿ ಕಾಣ್ತಿತ್ತು, ನಾನು ಹತ್ತಿ ಬಿಡಿಸಿ ಕೊಡ್ತಿದ್ದೆ, ಸುಗ್ರಾಬಿ ಹೂಬತ್ತಿ ಹೊಸೀತಿದ್ದಳು, ಬೀಡಿ ಕಟ್ಟಿದ ಕೈ ನೋಡ್ರಿ, ನನಗಿಂತ ಚೆಂದ ಹೊಸೀತಾಳೆ, ಗುಡೀಗೆ ಕಳಸ್ತಿದ್ವಿ, ಮಾತಾಡ್ತಾ ಮಾತಾಡ್ತಾ ಮಲಗ್ತಿದ್ವಿ, ನಡುವೆ ಎಚ್ಚರಾನೇ ಆಗ್ತಿರಲಿಲ್ಲ.

ನಾನು ಮಾತಾಡಿದೆ. ನಾಚಿಕೆಯಾಗುತ್ತದೆ ಈಗ, ಎಷ್ಟು ಮಾತಾಡಿದೆ. ಅಮ್ಮಾ, ನೀವೇ ರುಜು ಮಾಡಿದ್ರಲ್ಲ ಅಂದೆ. ನೀವು ತೋರಿಸಿದ್ರಿ, ಮಾಡಿದೆ, ಅದರಾಗೆ ನಾನೂ ಕೇಳೀನಿ ಅಂತ ಐತಂತಲ್ಲ, ಸುನೀತಮ್ಮ ಓದಿ ಹೇಳಿದ್ಲು, ನಾನು ಯಾವಾಗ ಕೇಳಿದ್ನಿ ಸಾಹೇಬ್ರ. ಜೊತೆ ಇರೋದು ಎಷ್ಟು ದೊಡ್ಡ ಭಾಗ್ಯ ಗೊತ್ತಾ ಅಂದೆ, ನನ್ನ ಮನೆಯಾಕೆ ಹೋಗಿ ಮೂರು ವರ್ಷ, ರಾತ್ರಿ ಪಕ್ಕದಲ್ಲಿ ಒಂದು ಉಸಿರು ಕೇಳಿದರೆ ಸಾಕು ಅಂತ ಒದ್ದಾಡುತ್ತೇನೆ, ನೀರು ಕೇಳಿ ಎಬ್ಬಿಸುವವರಿದ್ದರೆ ನೂರು ಸಲ ಏಳುತ್ತೇನೆ ಅಂದೆ. ಅವರು ಪೂರ್ತಿ ಕೇಳಿದರು, ನಲ್ಲಿಯಿಂದ ಹನಿ ಬೀಳುತ್ತಿತ್ತು, ಅದನ್ನು ಬಿಗಿ ಮಾಡಿ ತಿರುಗಿದರು, ನಿಮ್ಮ ಸಂಕಟ ನನಗೆ ತಿಳೀತೈತೆ, ಆದ್ರೆ ನಿಮಗೆ ಬೇಕಾಗಿದ್ದನ್ನ ನನಗೆ ಕೊಟ್ರಿ ನೀವು, ಅಂದರು. ಸಿಟ್ಟಿರಲಿಲ್ಲ ದನಿಯಲ್ಲಿ. ಅಂಗಡಿಯವನು ತಪ್ಪಿ ಬೇರೆ ಅಳತೆಯ ಕುಪ್ಪಸ ಕೊಟ್ಟರೆ ವಾಪಸ್ ತಂದು ಹೇಳುತ್ತಾರಲ್ಲ, ಹಾಗೆ. ಆಮೇಲೆ, ಬುಧವಾರ ಬ್ಯಾರೆ ಯಾರೋ ಬರ್ತಾರಂತೆ ನನ್ನ ಮಂಚಕ್ಕೆ, ರಾಣೆಬೆನ್ನೂರಿನೋರು, ಮುಂದಿನ ಬುಧವಾರ, ಅಷ್ಟರೊಳಗೆ ಮಾಡ್ರಿ ಅಂದರು, ಊದಿದ ಕಾಲು ಎಳೆಯುತ್ತಾ ಹೋದರು.

ಆ ಒಂದು ವಾರ. ಮೊದಲ ಎರಡು ದಿನ ಅವರ ಮೇಲೇ ಕೋಪ, ಎಂಥ ಹೆಂಗಸು, ಗಂಡ ಬದುಕಿರುವಾಗ, ತಸ್ಲೀಮ್‌ಗೆ ಫೋನು ಮಾಡಿ ದೂರಿದೆ, ಅವಳು, ಅಬ್ಬಾ, ನೀವು ಯಾರ ಪರವಾಗಿ ಅಲ್ಲಿಗೆ ಹೋಗ್ತೀರಿ ಅಂದಳು. ಮೂರನೆಯ ದಿನದಿಂದ ಬರೆಯಲು ಕೂತೆ, ಮಾನ್ಯರೇ ಅಂತ ಶುರು ಮಾಡಿ ವಯೋಸಹಜ ನಿದ್ರಾಹೀನತೆಯ ಕಾರಣ ಅಂತ ಬರೆದೆ, ಹರಿದೆ, ವೈದ್ಯಕೀಯ ದೃಷ್ಟಿಯಿಂದ ಅಂತ ಬರೆದೆ, ಹರಿದೆ, ಪತಿಯ ಆರೈಕೆ ಇನ್ನೂ ಚೆನ್ನಾಗಿ ಆಗಲೆಂದು — ಅದಂತೂ ಪೂರಾ ಸುಳ್ಳು, ಹರಿದೆ. ಅವರಿಗೆ ಕಾರಣ ಬೇಕಿರಲಿಲ್ಲ, ನನಗೆ ಬೇಕಿತ್ತು. ಕೊನೆಗೆ ಅವರು ಹೇಳಿದ್ದಷ್ಟನ್ನೇ ನಿನ್ನೆ ಬರೆದೆ, ನನ್ನ ಮಂಚ ನನಗೆ ಬೇಕು, ಅದರ ಕೆಳಗೆ ಹೆಸರಿಗೆ ಜಾಗ.

ಗೇಟು. ಫಿನಾಯಿಲ್ ವಾಸನೆ, ಬೇಯುವ ಅನ್ನದ ವಾಸನೆ. ಸುನೀತಾ ಕಾಗದ ಓದಿ ನನ್ನನ್ನೇ ನೋಡಿದಳು, ಸರ್, ನಾಲ್ಕು ತಿಂಗಳು ನೀವೇ ಜಗಳ ಆಡಿದ್ರಿ, ಪೇಪರಿನಾಗೆ ಫೋಟೋ ಬಂದೈತೆ, ಟ್ರಸ್ಟಿನೋರು ಅದನ್ನ ಕಟ್ಟು ಹಾಕಿಸಿ ಆಫೀಸಿನಾಗೆ ತೂಗು ಹಾಕ್ಯಾರೆ, ಈಗ ಇದನ್ನ ಹೆಂಗೆ ಹೇಳ್ಲಿ. ನಾನು ತಪ್ಪು ಮಾಡಿದೆ ಅಂತ ಹೇಳಮ್ಮಾ, ಅವರನ್ನು ಕೇಳದೆ ಅವರ ಬಾಯಲ್ಲಿ ಮಾತು ಹಾಕಿದೆ, ಅದನ್ನೂ ಬೇಕಾದರೆ ಬರೆದುಕೊಡುತ್ತೇನೆ, ನಿನ್ನ ಮೇಲೆ ಕೂಗಾಡಿದ್ದಕ್ಕೂ ಸೇರಿಸಿ. ಅವಳು ಕಾಗದವನ್ನು ಇನ್ನೊಮ್ಮೆ ಓದಿದಳು, ಒಂದೇ ಸಾಲು, ಎಷ್ಟು ಸಲ ಓದುವುದಿದೆ ಅದರಲ್ಲಿ, ಆದರೂ ಓದಿದಳು, ಟ್ರಸ್ಟಿನೋರಿಗೆ ನಾನು ಫೋನ್ ಮಾಡ್ತೀನಿ, ರಾಣೆಬೆನ್ನೂರಿನೋರಿಗೆ ಬಾಗಿಲ ಪಕ್ಕದ್ದು ಕೊಟ್ರಾತು, ಆದ್ರೆ ಅಜ್ಜಾರಿಗೆ ಹೇಳೋದು ನನ್ನ ಕೈಲಾಗಲ್ಲ, ನೀವೇ ಹೇಳ್ರಿ, ಆಮೇಲೆ ಅಮ್ಮಾರ ರುಜು ಹಾಕಿಸಿ ಈ ಕಾಗದ ರಿಜಿಸ್ಟರಿಗೆ ಅಂಟಿಸ್ರಿ. ಫೋನು ಎತ್ತಿಕೊಂಡಳು, ನಾನು ಹೊರಗೆ ನಿಂತೆ, ಹೂಂ ಸರ್, ಇಲ್ಲ ಸರ್, ಅವರೇ ಕೇಳ್ಯಾರೆ ಸರ್, ಅವರೇ. ಪರದೆ ಎತ್ತಿ ಆತು ಅನ್ನುವಂತೆ ನನಗೆ ತಲೆಯಾಡಿಸಿದಳು.

ಪಡಸಾಲೆ ಎಷ್ಟು ಉದ್ದ. ಕೋಣೆಯೊಳಗೆ ನಾಗರಾಜಪ್ಪನವರು ಮಂಚದ ಮೇಲೆ ಕೂತು ನಡುಗುವ ಕೈಯಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದರು, ಅಕ್ಕನಾಗಮ್ಮನವರು ಪೆಟ್ಟಿಗೆಯ ಮುಂದೆ, ನನ್ನನ್ನು ನೋಡಿ ಎದ್ದು ನಿಂತರು, ಬರ್ರಿ ಸಾಹೇಬ್ರ, ಕೂಡ್ರಿ, ನೋಡ್ರಿ ನಿಮ್ಮ ದಯದಿಂದ ಹೆಂಗಿದೀವಿ ಅಂದರು ನಾಗರಾಜಪ್ಪನವರು, ಹಣ್ಣಿನ ಅರ್ಧ ನನ್ನ ಕಡೆ ಚಾಚಿದರು. ಅದನ್ನು ತೆಗೆದುಕೊಂಡೆ. ತಿನ್ನಲಾಗಲಿಲ್ಲ, ಕೈಯಲ್ಲೇ ಇತ್ತು, ಬಾಯಿ ತೆರೆದೆ, ಯಜಮಾನ್ರೇ ಅಂದೆ, ಮುಂದಿನ ಮಾತು ಹೊರಡಲಿಲ್ಲ, ಊರೆಲ್ಲದರ ಪರವಾಗಿ ಮಾತಾಡಿದ ಬಾಯಿ. ಅಷ್ಟರಲ್ಲಿ ಅಕ್ಕನಾಗಮ್ಮನವರೇ ಅಂದರು, ಇವತ್ತಿಂದ ನಾನು ಆ ಕಡೆ ಮಲಗ್ತೀನಿ. ಯಾವ ಕಡೆ. ಹೆಂಗಸ್ರ ಕಡೆ, ನನ್ನ ಮಂಚದ ಮ್ಯಾಲೆ. ನಾಗರಾಜಪ್ಪನವರು ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಯಾರು ಹೇಳಿದ್ರು ಹಂಗೆ, ಇವರು ಹೇಳಿದ್ರಾ. ಯಾರೂ ಹೇಳಿಲ್ಲ, ನಾನೇ ಕೇಳಿದ್ದು, ಇವರು ಬರೆದುಕೊಟ್ಟಾರೆ ಅಷ್ಟೇ. ನಾನೇನು ಮಾಡಿದ್ನೇ. ನೀವೇನೂ ಮಾಡಿಲ್ಲ, ಊಟಕ್ಕೆ ನಿಮ್ಮ ಪಕ್ಕದಾಗೇ ಕೂಡ್ತೀನಿ, ಸಂಜಿ ಹೊಳಿ ಕಡೆ ಬೆಂಚಿಗೆ ಬರ್ತೀನಿ, ರಾತ್ರಿ ನನಗೆ ನಿದ್ದಿ ಬೇಕು. ಕೆಮ್ಮು ಬಂದ್ರೆ. ಗಂಟಿ ಐತಲ್ಲ, ಒತ್ತಿದ್ರೆ ಆ ಹುಡುಗಿ ಬರ್ತಾಳೆ, ನನಗಿಂತ ಚುರುಕದಾಳೆ. ಹೊರಗೆ ಯಾರೋ ಬಕೆಟ್ಟು ಎಳೆದರು. ಮುದುಕರ ಕೈಯಿಂದ ಬಾಳೆಹಣ್ಣು ತೊಡೆಯ ಮೇಲೆ ಬಿತ್ತು, ಅದನ್ನು ನೋಡುತ್ತಾ ಕೇಳಿದರು, ಇಷ್ಟು ವರ್ಷ ಯಾಕ ಹೇಳಲಿಲ್ಲ. ಅಕ್ಕನಾಗಮ್ಮನವರು ಸೀರೆ ಮಡಚುತ್ತಿದ್ದರು, ಮಡಿಕೆಯ ಅಂಚು ಅಂಚಿಗೆ ಕೂಡಿಸಿ ಅಂಗೈಯಿಂದ ಸವರಿ ಪೆಟ್ಟಿಗೆಗೆ ಇಟ್ಟರು. ಇವತ್ತು ಹೇಳಿದ್ನಲ್ಲ ಅಂದರು.

ನಾನು ಎದ್ದು ಹೋಗಬೇಕೋ, ಇರಬೇಕೋ, ಅವರ ಪರ ಬಂದವನು, ಆದರೆ ನನ್ನ ಜೀವವೆಲ್ಲ ಆ ಮುದುಕರ ಕಡೆ, ಅವರ ಖಾಲಿಯಾಗುವ ಅರ್ಧ ಮಂಚದ ಕಡೆ, ಬ್ಯಾಡ ಅನ್ರಿ ಯಜಮಾನ್ರೇ, ಹೋಗಬ್ಯಾಡ ಅನ್ರಿ ಅಂತ ಒಳಗೆ ಒಬ್ಬ ಕೂಗುತ್ತಿದ್ದ, ಅವನನ್ನು ಹಿಡಿದು ಕೂರಿಸಿದೆ. ನಾಗರಾಜಪ್ಪನವರು ವಾಕರ್ ಎಳೆದುಕೊಂಡು ಎದ್ದರು, ಹೆಂಡತಿಯ ದಿಂಬು ಎತ್ತಿಕೊಂಡರು, ನಾನು ಹಿಡೀತೀನಿ ಕೊಡ್ರಿ ಅಂದೆ, ಬ್ಯಾಡ ಅಂದರು, ದಿಂಬನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು, ಎರಡೂ ಕೈ ವಾಕರ್ ಮೇಲೆ, ಒಂದೊಂದೇ ಹೆಜ್ಜೆ, ಟಕ್, ನಿಲ್ಲುವುದು, ಟಕ್, ಮುಂದೆ ಅಕ್ಕನಾಗಮ್ಮನವರು ಕೈಯಲ್ಲಿ ಬಟ್ಟೆಗಂಟು, ಹಿಂದೆ ನಾನು ಪೆಟ್ಟಿಗೆ ಹೊತ್ತು, ಪಡಸಾಲೆಯಲ್ಲಿ ಕೂತವರು ಮಾತು ನಿಲ್ಲಿಸಿ ನೋಡುತ್ತಿದ್ದರು. ಹೆಂಗಸರ ಕೋಣೆಯ ಹೊಸ್ತಿಲ ಈಚೆ ನಾಗರಾಜಪ್ಪನವರು ನಿಂತರು, ಅಲ್ಲಿಂದ ಒಳಗೆ ಗಂಡಸರು ಕೇಳದೆ ಹೋಗುವ ಹಾಗಿಲ್ಲ ಅನ್ನುವ ನಿಯಮವನ್ನು ಹಾಕಿಸಿದವನೂ ನಾನೇ. ಗಲ್ಲ ಎತ್ತಿದರು, ದಿಂಬು ಜಾರಿತು, ಅಕ್ಕನಾಗಮ್ಮನವರು ಹಿಡಿದುಕೊಂಡರು. ನೀನು ಬಲಮಗ್ಗುಲಿಗೆ ಮಲಗೋದು, ಕಿಟಕಿ ಗಾಳಿ ಎದಿಗೆ ಹೊಡಿತೈತೆ, ಕಿವಿಗೆ ಬಟ್ಟಿ ಕಟ್ಕ ಅಂದರು. ಹೂಂ ಅಂದರು ಅಕ್ಕನಾಗಮ್ಮನವರು. ಅವರ ಕಣ್ಣಿನಲ್ಲಿ ನೀರಿತ್ತು, ಕಾಲು ಮಾತ್ರ ನಿಲ್ಲಲಿಲ್ಲ, ಹೊಸ್ತಿಲು ದಾಟಿತು. ನಾಗರಾಜಪ್ಪನವರು ಅಲ್ಲಿಯೇ ನಿಂತು ನನ್ನ ಕಡೆ ತಿರುಗಿದರು, ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು, ಸಾಹೇಬ್ರ, ಅವಳಿಗೆ ನಿದ್ದಿ ಇಷ್ಟ ಅಂತ ನನಗೆ ಗೊತ್ತೇ ಇರಲಿಲ್ಲ ನೋಡ್ರಿ ಅಂದರು.

ಅವರನ್ನು ಬೆಂಚಿಗೆ ಕೂರಿಸಿ, ನೀರು ಕುಡಿಸಿ, ಕಾಗದ ರಿಜಿಸ್ಟರಿನಲ್ಲಿ ಇಟ್ಟುಕೊಂಡು ಬಂದಿದ್ದೇನೆ, ರುಜು ಬೇಕು, ಈ ಸಲ ಮೊದಲು ಓದಿ ಹೇಳಬೇಕು, ಹೆಂಗಸರ ಕೋಣೆಯ ಬಾಗಿಲು ಮುಂದೆ ಮಾಡಿದ್ದಾರೆ, ಬಡಿಯಲು ಕೈ ಎತ್ತಿದೆ, ಒಳಗೆ ಸುಗ್ರಾಬಿಯ ದನಿ, ಅಕ್ಕಾ, ಮಗಳ್ನ ತವರಿಗೆ ಬಿಟ್ಟು ಹೋಗೋ ಅಪ್ಪನ ಹಂಗೆ ಬಂದ್ರಲ್ಲ ನಿನ್ನ ಗಂಡ, ದಿಂಬು ಕಚ್ಕಂಡು, ಸುಮ್ಮನಿರೇ ಪಾಪ ಅನ್ನುತ್ತಾ ಅನ್ನುತ್ತಾ ಅಕ್ಕನಾಗಮ್ಮನವರು ನಕ್ಕುಬಿಟ್ಟರು, ಅಳುತ್ತಾ ಇದ್ದವರು ನಕ್ಕ ನಗು, ಅದರ ಮೇಲೆ ಸುಗ್ರಾಬಿಯ ನಗು, ತಡೆಯಲಾಗದೆ, ಉಸಿರು ಸಿಕ್ಕದೆ, ಮಂಚದ ಕಬ್ಬಿಣ ಕಿರುಗುಟ್ಟುವ ಹಾಗೆ — ಈ ನಗು ಗೊತ್ತು ನನಗೆ. ಎಲ್ಲಿ ಕೇಳಿದ್ದೆ. ಈ ಊರಲ್ಲೇ, ಇಲ್ಲಿಂದ ನಾಲ್ಕು ಗಲ್ಲಿ ಆಚೆ, ಬಿಲ್ಕೀಸಳ ಅಕ್ಕನ ಮನೆ, ಪ್ರತಿ ವರ್ಷ ರಮ್ಜಾನ್ ಹಬ್ಬ ಮುಗಿದ ಮೇಲೆ ಹತ್ತು ದಿನ ಅಂತ ಬರುತ್ತಿದ್ದಳು, ನಾಲ್ಕನೆಯ ದಿನಕ್ಕೆ ನಾನು ಬಸ್ಸು ಹತ್ತುತ್ತಿದ್ದೆ, ಮನೆ ಬಿಕೋ ಅನ್ನುತ್ತಿತ್ತು, ಅವಳಿಗೂ ಹಾಗೇ ಅನ್ನುತ್ತಿರುತ್ತದೆ ಅಂತ. ಗಲ್ಲಿಯ ತಿರುವಿನಲ್ಲೇ ಕೇಳುತ್ತಿತ್ತು, ಅಂಗಳದಲ್ಲಿ ಅಕ್ಕ ತಂಗಿ, ಶ್ಯಾವಿಗೆ ಹರಡುತ್ತಲೋ ಅಕ್ಕಿ ಆರಿಸುತ್ತಲೋ, ನಗು, ಮೊದಲ ವರ್ಷ ಯಾರ ನಗು ಅಂತ ಗುರುತೇ ಸಿಗಲಿಲ್ಲ, ನಲವತ್ತೊಂದು ವರ್ಷದಲ್ಲಿ ನಮ್ಮ ಮನೆಯಲ್ಲಿ ಒಮ್ಮೆಯೂ ಕೇಳದ ನಗು, ತಗಡಿನ ಬಾಗಿಲು, ಸರಪಳಿ ಚಿಲಕ, ಎತ್ತಿದೆ, ಖಣ್ ಅಂದಿತು, ನಗು ನಿಂತಿತು. ಆ ಗಯೇ, ಬಂದುಬಿಟ್ರಾ ಅಂದಳು, ಅಷ್ಟೇ, ಎದ್ದು ಹೋಗಿ ಬುರ್ಖಾ ಹಾಕಿಕೊಂಡು ಚೀಲ ಹಿಡಿದು ಬಂದಳು, ಇನ್ನೂ ಆರು ದಿನ ಇರಲಾ ಅಂತ ಅವಳು ಕೇಳಲಿಲ್ಲ, ಇರ್ತೀಯಾ ಅಂತ ನಾನು ಕೇಳಲಿಲ್ಲ, ಪ್ರತಿ ವರ್ಷ, ಖಣ್, ನಗು ನಿಂತಿತು. ಅವಳನ್ನು ಕರೆದುಕೊಂಡು ಬಂದೆ ಅಂದುಕೊಂಡಿದ್ದೆ, ಆ ನಗುವನ್ನು ಅಲ್ಲೇ ಬಿಟ್ಟು ಬಂದಿದ್ದೆ, ಈಗ ಅವಳ ಗೋರಿಯ ಮಣ್ಣಿನ ಹತ್ತಿರ ಹೋಗಿ ಏನು ಬೇಕಿತ್ತು ನಿನಗೆ ಅಂದರೆ ಏನು ಬಂತು. ರುಜು ಬೇಕು. ಸುನೀತಾ ಕಾಯುತ್ತಿದ್ದಾಳೆ. ಕೈ ಬಾಗಿಲಿನಿಂದ ಒಂದು ಗೇಣು ದೂರದಲ್ಲಿ ನಿಂತಿದೆ, ಬಡಿದರೆ ಸದ್ದಾಗುತ್ತದೆ, ಒಳಗೆ ಇನ್ನೂ ನಗುತ್ತಿದ್ದಾರೆ, ಇನ್ನೂ, ಸ್ವಲ್ಪ ಹೊತ್ತು, ಇನ್ನು ಸ್ವಲ್ಪ ಹೊತ್ತು ನಿಲ್ಲುತ್ತೇನೆ — ತಗಡಿನ ಬಾಗಿಲು, ಬಿಸಿಲಿಗೆ ಕಾದ ಸರಪಳಿ, ಅದರ ಮೇಲೆ ನನ್ನ ಕೈ, ಆಚೆ ಬಿಲ್ಕೀಸ್ ನಗುತ್ತಿದ್ದಾಳೆ, ಸರಪಳಿಯ ಮೇಲೆ ನನ್ನ ಕೈ